ಮನೆಯ ತನಕ ಉಸಿರು ಒಯ್ದ ಆಮ್ರಪಾಲಿ ಸಿಸ್ಟರ್

ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರೂ ತಾಲ್ಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತಾರು ವರ್ಷ ರೋಗಿಗಳ ಸೇವೆ ಮಾಡಿ, ಈ ತಿಂಗಳ ಕೊನೆಗೆ ಹಿರಿಯ ಶುಶ್ರೂಷಾಧಿಕಾರಿಯಾಗಿ ನಿವೃತ್ತರಾಗುತ್ತಿರುವ ಶ್ರೀಮತಿ ಆಮ್ರಪಾಲಿ ಅವರನ್ನು ಈ ಭಾಗದಲ್ಲಿ ಅರಿಯದವರು ಕಡಿಮೆ. ವೈದ್ಯರ ಹೆಸರು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿರುತ್ತದೆ. ನರ್ಸಿನ ಹೆಸರನ್ನು ರೋಗಿಯೇ ಕೇಳಿ ತಿಳಿದುಕೊಳ್ಳಬೇಕು, ಮತ್ತು ಮನೆಗೆ ಹೋದ ಎಂಟು ದಿನಕ್ಕೆ ಅವನು ಅದನ್ನು ಮರೆಯುತ್ತಾನೆ. ಆದರೂ ಇಪ್ಪತ್ತು ವರ್ಷದ ಹಿಂದೆ ಇವರ ಕೈಯಲ್ಲಿ ಹೆರಿಗೆಯಾದ ತಾಯಂದಿರು ಇಂದಿಗೂ ಸಂತೆಯಲ್ಲಿ ಇವರನ್ನು ಕಂಡರೆ ತರಕಾರಿ ಚೀಲ ಕೆಳಗಿಟ್ಟು ಕೈ ಮುಗಿಯುತ್ತಾರೆ. ಅದು ಎಷ್ಟು ದೊಡ್ಡ ಗಳಿಕೆ ಎಂಬುದು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೇ ಗೊತ್ತು.

ನಾನು ಬಾಳೇಶ. ವೈದ್ಯನಲ್ಲ, ನರ್ಸೂ ಅಲ್ಲ. ಸರಕಾರಿ ಆಂಬುಲೆನ್ಸಿನ ಚಾಲಕನಾಗಿ ಇಪ್ಪತ್ತೊಂಬತ್ತು ವರ್ಷ ದುಡಿದು ಐದು ವರ್ಷದ ಹಿಂದೆ ನಿವೃತ್ತನಾದವನು. ಅದರಲ್ಲಿ ಹದಿನಾರು ವರ್ಷ ಆಮ್ರಪಾಲಿ ಸಿಸ್ಟರ್ ಇದ್ದ ಆಸ್ಪತ್ರೆಯಲ್ಲೇ ಇದ್ದೆ. ಅಭಿನಂದನ ಸಮಿತಿಯವರು ಮನೆಗೆ ಬಂದು, ನೀವೂ ಒಂದು ಲೇಖನ ಕೊಡಬೇಕು, ಅವರ ಜೊತೆ ನಿಮ್ಮಷ್ಟು ದಾರಿ ಸವೆಸಿದವರು ಬೇರೆ ಯಾರಿಲ್ಲ ಎಂದರು. ಓದಿದ್ದು ಏಳನೆಯ ಇಯತ್ತೆ, ನನ್ನಿಂದೇನು ಬರೆಸುತ್ತೀರಿ ಎಂದೆ. ಕಂಡದ್ದು ಬರೆಯಿರಿ ಎಂದರು. ಕಂಡದ್ದನ್ನು ಬರೆಯುತ್ತಿದ್ದೇನೆ, ಮಾಡಿದ್ದನ್ನೂ ಬರೆಯುತ್ತಿದ್ದೇನೆ. ಅವರ ಪ್ರಶಸ್ತಿಗಳ ವಿಷಯ ಈ ಗ್ರಂಥದಲ್ಲಿ ಬಲ್ಲವರು ಬರೆದಿದ್ದಾರೆ. ನನ್ನ ಪಾಲಿಗೆ ಉಳಿದಿರುವುದು ಬೇರೆ.

ಆಮ್ರಪಾಲಿ ಅವರು ಹುಟ್ಟಿದ್ದು ಹಿಡಕಲ್ಲಿನಲ್ಲಿ. ಅಣೆಕಟ್ಟಿನ ಕಾಲುವೆಯ ಬಾಗಿಲು ಎತ್ತಿ ಇಳಿಸುವ ಕೆಲಸದಲ್ಲಿದ್ದ ಯಲ್ಲಾರಿ ಎಂಬವರು ಅವರ ತಂದೆ. ಬೌದ್ಧ ಮನೆತನ. ಕೂಲಿಕಾರರ ಸಾಲುಮನೆಗಳಲ್ಲಿ ಬುದ್ಧನ ಪಟದ ಕೆಳಗೆ ಕುಳಿತು ಓದಿದ ಐದು ಮಕ್ಕಳಲ್ಲಿ ಇವರು ಮೂರನೆಯವರು. ಬೆಳಗಾವಿಯಲ್ಲಿ ನರ್ಸಿಂಗ್ ಕಲಿತು, ಸಾವಿರದ ಒಂಬೈನೂರ ತೊಂಬತ್ತರಲ್ಲಿ ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬಂದರು.

ಆ ಊರಿನ ಒಂದು ಸಂಗತಿಯನ್ನು ಅವರೇ ನನಗೆ ನಗುತ್ತ ಹೇಳಿದ್ದರು. ಆ ಹಳ್ಳಿಯ ದೊಡ್ಡ ಮನೆಯವರು ಇವರ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದರು, ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದರು, ಆದರೆ ಗುಳಿಗೆ ಕೊಟ್ಟರೆ ಮಾತ್ರ ಮನೆಗೆ ಒಯ್ಯುತ್ತಿದ್ದರು. ಇಲ್ಲಿಯೇ ನುಂಗಿದರೆ ಇವರ ಮಡಕೆಯ ನೀರು ಕುಡಿಯಬೇಕಾಗುತ್ತಿತ್ತು. ಮುಂದೆ ಕ್ಷಯರೋಗದ ಗುಳಿಗೆಯನ್ನು ನರ್ಸಿನ ಎದುರೇ ನುಂಗಬೇಕೆಂಬ ನಿಯಮ ಬಂತು. ಆಗ ಕೇದಾರಿ ಎಂಬ ಮುದುಕರೊಬ್ಬರು ಮನೆಯಿಂದ ತಂಬಿಗೆಯಲ್ಲಿ ನೀರು ತರಲು ಶುರು ಮಾಡಿದರು. ಸೂಜೀಗಿ ಮೈಲಿಗಿ ಇಲ್ಲವ್ವಾ, ನೀರಿಗಿ ಐತಿ ಎಂದು ಅವರೇ ಇವರಿಗೆ ತಿಳಿಹೇಳಿದ್ದರಂತೆ. ಮುಂದೆ ಅದೇ ಮುದುಕರಿಗೆ ವಾಂತಿ ಭೇದಿಯಾಗಿ ಕೇಂದ್ರಕ್ಕೆ ಹೊತ್ತು ತಂದಾಗ ಸಿಸ್ಟರ್ ನಾಲ್ಕು ಬಾಟಲಿ ಸಲೈನ್ ಏರಿಸಿದರು. ಮರುದಿನ ಮುದುಕರು ಎದ್ದು ಕುಳಿತಾಗ, "ಕಾಕಾ, ಸಲೈನ್ ಅಂದ್ರ ನೀರಽ ರಿ. ಎರಡು ಲೀಟರ್ ನನ್ನ ಕೈಲೆ ಕುಡದೀರಿ, ಈಗ ಏನ್ ಮಾಡೂಣು?" ಎಂದು ಕೇಳಿದರಂತೆ. ಮುದುಕರು ಸೂಜಿ ಚುಚ್ಚಿದ ತೋಳು ನೋಡಿಕೊಂಡು, "ಹಾದಿ ಬ್ಯಾರೆ ಇತ್ತಲ್ಲವ್ವಾ" ಎಂದರಂತೆ. ಇದನ್ನು ಹೇಳುವಾಗ ಸಿಸ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಗುಳಿಗೆ ಹೊಟ್ಟೆಗೆ ಹೋದರೆ ಸಾಕು, ಯಾರ ನೀರಿನಲ್ಲಿ ಹೋಯಿತೆಂದು ನಾನೇಕೆ ಜಗಳ ತೆಗೆಯಲಿ ಎನ್ನುತ್ತಿದ್ದರು. ಅವರ ನಗುವನ್ನು ನಾನು ನಂಬಿದೆ. ನಕ್ಕವರಿಗೆ ನೋವಾಗಿರುವುದಿಲ್ಲ ಎಂದುಕೊಳ್ಳುವುದು ನನ್ನಂಥವರಿಗೆ ಅನುಕೂಲ.

ಎರಡು ಸಾವಿರದ ಒಂದರಲ್ಲಿ ಅವರು ಗೋಕಾಕ ತಾಲ್ಲೂಕಿಗೆ ವರ್ಗವಾಗಿ ನಾನಿದ್ದ ಆಸ್ಪತ್ರೆಗೆ ಬಂದರು. ನಲವತ್ತು ಹಾಸಿಗೆಯ ವಾರ್ಡು. ಕಾಗದದ ಮೇಲೆ ಪಾಳಿಗೆ ಮೂವರು ನರ್ಸುಗಳು, ವಾರ್ಡಿನಲ್ಲಿ ಒಬ್ಬರೇ. ವೈದ್ಯರು ಫೋನಿನಲ್ಲಿ ಹೇಳಿದ ಔಷಧವನ್ನು ಇವರು ಕೊಡಬೇಕು, ನಾಳೆ ಹೆಚ್ಚುಕಡಿಮೆಯಾದರೆ ಯಾರು ಹೇಳಿದ್ದು ಎಂದು ಇವರನ್ನೇ ಕೇಳುತ್ತಾರೆ. ಹಾಸಿಗೆ ಇಲ್ಲ, ಔಷಧ ಇಲ್ಲ, ಡಾಕ್ಟರು ಇಲ್ಲ ಎಂಬ ಮೂರೂ ತಪ್ಪುಗಳಿಗೆ ಬೈಗುಳ ತಿನ್ನುವವರು ಬಿಳಿ ಸೀರೆಯವರು. ಒಮ್ಮೆ ಎತ್ತು ಹಾಯ್ದು ತೊಡೆ ಹರಿದುಕೊಂಡ ರೈತನೊಬ್ಬನನ್ನು ತಂದಾಗ, ಡಾಕ್ಟರು ಎಲ್ಲಿ ಎಂದು ಅವನ ಅಣ್ಣ ಸಿಸ್ಟರ್ ಮೇಲೆ ಚಪ್ಪಲಿ ಎತ್ತಿದ. ನಾನು ಓಡಿ ಬರುವಷ್ಟರಲ್ಲಿ ಸಿಸ್ಟರ್ ತಲೆ ಕೂಡ ಎತ್ತದೆ, "ಚಪ್ಪಲಿ ಆಮ್ಯಾಲ ಹೊಡೀರಿ ಅಣ್ಣಾರ, ಮೊದಲ ನಿಮ್ಮ ತಮ್ಮನ ಕಾಲು ಗಟ್ಟಿ ಹಿಡೀರಿ, ರಕ್ತ ನಿಂದರಸಬೇಕು" ಎಂದರು. ಅವನು ಚಪ್ಪಲಿ ಬಿಟ್ಟು ಕಾಲು ಹಿಡಿದ. ಆ ರೈತ ಬದುಕಿದ. ಸಿಸ್ಟರ್ ಆ ದಿನ ಮಧ್ಯಾಹ್ನ ಔಷಧದ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹದಿನೈದು ನಿಮಿಷ ಕುಳಿತಿದ್ದರು. ಬಂದು ಮುಖ ತೊಳೆದು ಮತ್ತೆ ರೋಗಿಗಳ ಜ್ವರ ನೋಡಲು ಹೋದರು. ಅದನ್ನು ನೋಡಿದವನು ನಾನೊಬ್ಬನೇ, ಏನಾಯಿತೆಂದು ಕೇಳಲಿಲ್ಲ.

ನಮ್ಮ ಭಾಗದ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಆಸ್ಪತ್ರೆಯಲ್ಲಿ ಇನ್ನು ಆಸೆ ಇಲ್ಲ ಎಂದಾಗ, ಹಿರಿಯರನ್ನು ಉಸಿರು ಇರುವಾಗಲೇ ಮನೆಗೆ ಒಯ್ಯಬೇಕು, ಪಡಸಾಲೆಯಲ್ಲಿ ಮಲಗಿಸಿ, ತನ್ನವರ ಕೈಯಿಂದ ಬಾಯಿಗೆ ನೀರು ಬಿದ್ದ ಮೇಲೆಯೇ ಜೀವ ಹೋಗಬೇಕು. ಇದನ್ನು ನಮ್ಮ ಜನ ಮನೆ ಮುಟ್ಟಿಸುವುದು ಎನ್ನುತ್ತಾರೆ. ತಾನಾಗಿ ಉಸಿರಾಡಲಾಗದವರನ್ನು ಹಾಗೆ ಒಯ್ಯಬೇಕೆಂದರೆ ದಾರಿಯುದ್ದಕ್ಕೂ ಮೂಗು ಬಾಯಿಗೆ ಮಾಸ್ಕ್ ಹಿಡಿದು ರಬ್ಬರಿನ ಗಾಳಿಚೀಲವನ್ನು ಒಬ್ಬರು ಕೈಯಿಂದ ಒತ್ತುತ್ತಿರಬೇಕು. ಮುಕ್ಕಾಲು ತಾಸು, ಕೆಲವೊಮ್ಮೆ ಒಂದೂವರೆ ತಾಸು. ಒತ್ತುವುದು ನಿಂತರೆ ಉಸಿರು ನಿಂತಿತು. ಇದು ಯಾವ ನರ್ಸಿನ ಕರ್ತವ್ಯವೂ ಅಲ್ಲ, ಯಾವ ನಿಯಮದಲ್ಲಿಯೂ ಇಲ್ಲ. ಆಮ್ರಪಾಲಿ ಸಿಸ್ಟರ್ ತಮ್ಮ ಪಾಳಿ ಮುಗಿದ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ ಸಹಿ ಮಾಡಿ, ಊಟದ ಡಬ್ಬಿ ಬಿಚ್ಚದೆ ನನ್ನ ಗಾಡಿ ಹತ್ತುತ್ತಿದ್ದರು. ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿನ ಕಾರ್ಮಿಕರ ಓಣಿಗಳಿಗೆ, ಮೂಡಲಗಿ ಕಡೆಯ ಕಬ್ಬಿನ ಹೊಲದ ನಡುವಿನ ಮನೆಗಳಿಗೆ, ಹುಕ್ಕೇರಿ ಗುಡ್ಡದ ಹಳ್ಳಿಗಳಿಗೆ ಅವರು ಹೀಗೆ ಮುಟ್ಟಿಸಿದ ಜೀವಗಳು ಅರವತ್ತಕ್ಕೂ ಹೆಚ್ಚು.

ಅದರಲ್ಲಿ ಅವರದೊಂದು ಕಟ್ಟುನಿಟ್ಟಿತ್ತು. ದಾರಿಯಲ್ಲೇ ಜೀವ ಹೋದರೆ ಒತ್ತುವುದನ್ನು ನಿಲ್ಲಿಸಿಬಿಡುತ್ತಿದ್ದರು. ನನಗೆ ಗಾಡಿ ಮರದ ಕೆಳಗೆ ಹಾಕಲು ಹೇಳಿ, ಜೊತೆಗಿದ್ದವರ ಕೈ ಹಿಡಿದು, ಆಯಿತು ಎಂದು ಹೇಳುತ್ತಿದ್ದರು. ಮನೆ ಬರುವವರೆಗೆ ಒತ್ತುತ್ತಿರಿ, ಅಲ್ಲಿ ಅವರವರೇ ನೋಡಿಕೊಳ್ಳುತ್ತಾರೆ ಎಂದು ನಾನು ವಾದಿಸುತ್ತಿದ್ದೆ. ನಡುದಾರಿಯಲ್ಲಿ ಅಳು ಎದ್ದರೆ ಬೈಗುಳ ಬರುವುದು ಚಾಲಕನಿಗೂ ಅಲ್ಲವೇ. "ಹೆಣದ ಎದಿ ಏರಿಸಿ ಇಳಿಸಿ ಮಗನ್ನ ನಂಬಸೂದು ಸೇವಾ ಅಲ್ಲ ಬಾಳೇಶಣ್ಣ" ಎಂದಿದ್ದರು. ಒಂದೇ ಒಂದು ಸಲ ಅವರು ಸೋತರು. ಲಖನ ಎಂಬ ಹುಡುಗ ತನ್ನ ತಂದೆಯ ದೇಹದ ಮೇಲೆ ಕೈಯಿಟ್ಟು, ಮನೆಯಲ್ಲಿ ಅವ್ವ ಒಬ್ಬಳೇ ಕಾಯುತ್ತಿದ್ದಾಳೆ, ಬಾಗಿಲ ತನಕ ಒತ್ತಿರಿ ಎಂದು ಬೇಡಿಕೊಂಡ. ಒತ್ತಿದರು. ಆ ತಾಯಿ ಸತ್ತ ಗಂಡನ ಬಾಯಿಗೆ ನೀರು ಹಾಕಿ, ಗುಟುಕು ಇಳಿಯಿತು ಎಂದು ಸಮಾಧಾನಪಟ್ಟಳು. ಮರಳಿ ಬರುವಾಗ ಸಿಸ್ಟರ್, ಮಾಡಬಾರದಿತ್ತೋ, ಮಾಡಿದ್ದೇ ಸರಿಯೋ ಎಂದು ನನ್ನನ್ನು ಕೇಳಿದರು. ನಾನು ದಾರಿ ನೋಡಿಕೊಂಡು ಗಾಡಿ ಓಡಿಸಿದೆ. ಅದನ್ನು ಅವರು ಇಂದಿಗೂ ತೀರ್ಮಾನಿಸಿಲ್ಲ.

ಚೀಲ ಒತ್ತುವುದನ್ನು ನನಗೆ ಕಲಿಸಿದವರೂ ಅವರೇ. ದಾರಿಯಲ್ಲಿ ನನ್ನ ಕೈ ಸೋತರೆ ನೀವು ಗಾಡಿ ನಿಲ್ಲಿಸಿ ಹತ್ತು ನಿಮಿಷ ಹಿಡಿಯಬೇಕು ಎಂದು, ಖಾಲಿ ವಾರ್ಡಿನಲ್ಲಿ ದಿಂಬಿನ ಮೇಲೆ ಮಾಸ್ಕ್ ಇಟ್ಟು ಕಲಿಸಿದರು. ನಾನು ಅವಸರ ಮಾಡುತ್ತಿದ್ದೆ. "ಎಣಸಬ್ಯಾಡ್ರಿ. ನಿಮ್ಮ ಉಸಿರು ನೋಡ್ಕೋರಿ. ನೀವು ತಗೊಂಡಾಗ ಅವರಿಗೂ ಕೊಡ್ರಿ" ಎಂದರು. ಅಂದಿನಿಂದ ನನಗೆ ಒತ್ತಲು ಬಂತು. ಆ ವಿದ್ಯೆಯನ್ನು ನಾನು ಯಾವುದಕ್ಕೆ ಬಳಸಿದೆ ಎಂಬುದನ್ನು ಈಗ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಸಣ್ಣ ಘಟನೆ. ಒಂದು ಊರಿನಲ್ಲಿ ಸಿಸ್ಟರ್ ತಮ್ಮ ಕೆಲಸ ಮುಗಿಸಿ ಮನೆಯಿಂದ ಹೊರಬಂದು ಗಾಡಿ ಹತ್ತಿದರು. ನಾನು ಗಾಡಿ ತಿರುಗಿಸುವಾಗ ಬದಿಯ ಕನ್ನಡಿಯಲ್ಲಿ ಆ ಮನೆಯ ಹೆಂಗಸೊಬ್ಬಳು ಒಂದು ಕೊಡ ನೀರನ್ನು ಮೆಟ್ಟಿಲ ಮೇಲೆ ಸುರಿದು ಕಸಬರಿಗೆಯಿಂದ ತಿಕ್ಕುವುದು ಕಂಡಿತು. ಹೆಣ ಇನ್ನೂ ಒಳಗೇ ಇತ್ತು, ಸೂತಕದ ತೊಳೆಯುವಿಕೆಗೆ ಅದು ಹೊತ್ತಲ್ಲ. ಒಳಗೆ ಯಾರೋ, ಸಿಸ್ಟರ್ ಬಾಯಿ ಯಾರ ಪೈಕಿ, ಯಾವ ಜಾತಿ ಎಂದು ನನ್ನನ್ನು ಕೇಳಿದ್ದರು, ನಾನು ಹೇಳಿದ್ದೆ. ಕನ್ನಡಿಯಿಂದ ಕಣ್ಣು ತೆಗೆದು ಗಾಡಿ ಬಿಟ್ಟೆ. ಸಿಸ್ಟರಿಗೆ ಹೇಳಲಿಲ್ಲ. ಇನ್ನು ಮುಂದೆ ಅವರಿಗೆ ಇಂಥದ್ದು ಆಗಗೊಡಬಾರದು ಎಂದು ನನ್ನೊಳಗೇ ಗಟ್ಟಿ ಮಾಡಿಕೊಂಡೆ. ನಾನು ಹಿಂದೂ ಒಕ್ಕಲುತನದ ಮನೆಯವನು. ಎಲ್ಲ ಮನೆಯ ಒಳಗೂ ನನಗೆ ದಾರಿಯಿತ್ತು. ಜಾಣತನದಿಂದ ನಡೆದರೆ ಯಾರಿಗೂ ನೋವಾಗದಂತೆ ದಾಟಿಸಬಹುದು ಎಂಬುದು ನನ್ನ ಲೆಕ್ಕ.

ಎರಡು ಸಾವಿರದ ಹದಿಮೂರರ ಫೆಬ್ರವರಿಯಲ್ಲಿ ಕೌಜಲಗಿಯ ಆಚೆಯ ಒಂದು ಊರಿನ ಶಂಕ್ರವ್ವ ಎಂಬ ಹಿರಿಯರನ್ನು ನಮ್ಮ ಆಸ್ಪತ್ರೆಗೆ ತಂದರು. ಎಪ್ಪತ್ತೆಂಟು ವರ್ಷ. ದೊಡ್ಡ ಕಬ್ಬಿನ ಮನೆತನ. ಮಗ ಶಿವಪುತ್ರ, ಸೊಸೆ ಮಾಲಾ. ಎದೆಯಲ್ಲಿ ನೀರು ತುಂಬಿತ್ತು. ಬೆಳಗಾವಿಗೆ ಒಯ್ಯುವುದು ಬೇಡವೆಂದು ಶಂಕ್ರವ್ವನೇ ಹಟ ಹಿಡಿದಿದ್ದರು. ಹನ್ನೊಂದು ದಿನ ನಮ್ಮ ವಾರ್ಡಿನಲ್ಲಿದ್ದರು. ಆ ಹನ್ನೊಂದು ದಿನ ಸಿಸ್ಟರ್ ಅವರನ್ನು ಮಗ್ಗಲು ಬದಲಿಸಿ ಮಲಗಿಸಿದರು, ಬೆನ್ನಿಗೆ ಪುಡಿ ಹಚ್ಚಿದರು, ತಲೆ ಬಾಚಿದರು, ಚಮಚದಿಂದ ಗಂಜಿ ಕುಡಿಸಿದರು. ಮುದುಕಿಯ ಬಾಯಿ ಬಹಳ ಖಾರ. ನಿನ್ನ ಕೈ ಕಲ್ಲು ಆಗ್ಯಾವು, ಮೆತ್ತಗ ಹಿಡಿಯಾಕ ಬರೂದಿಲ್ಲೇನು ಎಂದು ಬೈಯುವುದು, ಬೇರೆ ನರ್ಸು ಬಂದರೆ ಆ ಕಲ್ಲು ಕೈಯಾಕಿನ್ನಽ ಕರೀರಿ ಎನ್ನುವುದು. ಅವರಿಬ್ಬರ ನಡುವೆ ಏನೇನು ಮಾತಾಗಿತ್ತೋ ನನಗೆ ಆಗ ತಿಳಿದಿರಲಿಲ್ಲ. ನಾನು ಹೊರಗಿನವನು, ಗಾಡಿಯ ಹತ್ತಿರ ಇರುವವನು.

ಹನ್ನೊಂದನೆಯ ದಿನ ವೈದ್ಯರು ಕೈ ಚೆಲ್ಲಿದರು. ಶಿವಪುತ್ರ ಮನೆ ಮುಟ್ಟಿಸಬೇಕೆಂದ. ಅವನು ಮೋಟರ್ ಸೈಕಲ್ಲಿನಲ್ಲಿ ಮುಂದೆ ಹೋದ, ಮಾಲಾ ಅದಾಗಲೇ ಊರಲ್ಲಿದ್ದಳು. ಮಧ್ಯಾಹ್ನ ಎರಡೂಕಾಲಿಗೆ ಸಿಸ್ಟರ್ ಗಾಡಿ ಹತ್ತಿದರು. ಒಳಗೆ ಸಿಸ್ಟರ್, ಶಂಕ್ರವ್ವ, ಮನೆಯ ದೂರದ ಸಂಬಂಧಿಯೊಬ್ಬ. ಐವತ್ತು ನಿಮಿಷದ ದಾರಿ. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಬಿಡದೆ ಒತ್ತುತ್ತಿದ್ದರು, ನಡುನಡುವೆ ಮುದುಕಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದರು.

ಆ ಊರನ್ನು ನಾನು ಬಲ್ಲೆ. ಅಲ್ಲಿಯ ಚಹಾದಂಗಡಿಯಲ್ಲಿ ಎರಡು ನಮೂನೆಯ ಲೋಟಗಳಿದ್ದದ್ದನ್ನು ಕಂಡಿದ್ದೆ. ಗಾಡಿ ಊರ ಅಗಸೆ ಬಾಗಿಲು ದಾಟುವಾಗಲೇ ನಾನು ವೇಗ ತಗ್ಗಿಸಿದೆ. ಮನೆಯ ಮುಂದೆ ಐವತ್ತು ಅರವತ್ತು ಜನ. ಕಟ್ಟೆಯ ಮೇಲೆ ಹಿರಿಯರು. ಪಡಸಾಲೆಯಲ್ಲಿ ಹೊರಸು ಹಾಕಿಟ್ಟಿದ್ದು ಕಾಣುತ್ತಿತ್ತು. ಈ ಮಂದಿಯ ಎದುರು, ಜೀವ ಹೋಗುವ ಹೊತ್ತಿನಲ್ಲಿ, ಯಾರಾದರೂ ಸಿಸ್ಟರನ್ನು ಬಾಗಿಲಲ್ಲಿ ತಡೆದು ಯಾರ ಪೈಕಿ ಎಂದು ಕೇಳಿದರೆ ಏನು ಗತಿ. ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದೆ, ಒಳಗೆ ಹತ್ತಿದೆ.

"ಅಕ್ಕಾರ, ಚೀಲ ಇತ್ತ ಕೊಡ್ರಿ. ಒಳಗ ನಾ ಒಯ್ತೀನಿ. ನೀವು ಇಲ್ಲೇ ಕುಂದರ್ರಿ" ಎಂದೆ.

"ಯಾಕ್ರಿ?" ಎಂದರು, ಒತ್ತುತ್ತಲೇ.

"ಮಂದಿ ಭಾಳ ಐತಿ" ಎಂದೆ.

ಅವರು ನನ್ನ ಮುಖ ನೋಡಿದರು. ನೋಡುತ್ತ ಮತ್ತೆ ಎರಡು ಸಲ ಒತ್ತಿದರು. ಮಂದಿ ಬಹಳ ಇದ್ದ ಮನೆಗಳಿಗೆ ಅವರು ಎಷ್ಟೋ ಸಲ ನುಗ್ಗಿ ಹೋಗಿದ್ದರು, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆಮೇಲೆ, "ನಿಮ್ಮ ಉಸಿರು ನೋಡ್ಕೋರಿ" ಎಂದಷ್ಟೇ ಹೇಳಿ ಚೀಲವನ್ನು ನನ್ನ ಕೈಗೆ ಕೊಟ್ಟರು.

ನಾಲ್ಕು ಜನ ಸ್ಟ್ರೆಚರ್ ಎತ್ತಿದರು. ನಾನು ಪಕ್ಕದಲ್ಲಿ ಒತ್ತುತ್ತ ನಡೆದೆ. ಹೊರಸಿನ ಮೇಲೆ ಮಲಗಿಸಿದ ಮೇಲೆ ಮಾಲಾ ಒಂದು ಸಣ್ಣ ಹಿತ್ತಾಳೆ ಬಟ್ಟಲಲ್ಲಿ ನೀರು ಹಿಡಿದು ಬಂದಳು. ಬಂದವಳು ನನ್ನನ್ನು ದಾಟಿ ಬಾಗಿಲ ಕಡೆಗೆ ನೋಡಿದಳು. "ಸಿಸ್ಟರ್ ಬಾಯಾರ ಎಲ್ಲೆದಾರ್ರಿ?" ಎಂದು ಕೇಳಿದಳು. ಅವರು ಬರಲಿಲ್ಲ, ಡ್ಯೂಟಿ ಇತ್ತು ಎಂದೆ. ಮೂವತ್ತು ಹೆಜ್ಜೆಯ ಆಚೆ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಅವರು ಕುಳಿತಿದ್ದರು. ಮಾಲಾ ಸ್ವಲ್ಪ ಹೊತ್ತು ಬಟ್ಟಲು ಹಿಡಿದುಕೊಂಡೇ ನಿಂತಳು. ಹಿರಿಯರು ಅವಸರ ಮಾಡಿದರು. ಅವಳು ಬಟ್ಟಲನ್ನು ಗಂಡನ ಕೈಗೆ ಕೊಟ್ಟಳು. ಶಿವಪುತ್ರ ತಾಯಿಯ ಬಾಯಿಗೆ ನೀರು ಹಾಕಿದ. ಅದು ತುಟಿಯ ಬದಿಯಿಂದ ಇಳಿದುಹೋಯಿತು. ನಾನು ಚೀಲ ಬಿಟ್ಟೆ. ಶಂಕ್ರವ್ವನ ಕಣ್ಣುಗಳು ಅರ್ಧ ತೆರೆದಿದ್ದವು. ಅವು ಯಾರನ್ನೋ ಹುಡುಕುತ್ತಿದ್ದವು ಎಂದು ನಾನು ಬರೆಯುವುದಿಲ್ಲ. ನನಗೆ ಗೊತ್ತಿಲ್ಲ.

ಹೊರಗೆ ಬಂದಾಗ ಸಿಸ್ಟರ್ ಆಕ್ಸಿಜನ್ ಬಂದ್ ಮಾಡಿ, ಹಾಸು ಮಡಚಿ ಇಟ್ಟಿದ್ದರು. ಯಾರು ನೀರು ಹಾಕಿದರು ಎಂದು ಕೇಳಿದರು. ಮಗ ಎಂದೆ. ಹೂಂ ಎಂದರು. ಆಸ್ಪತ್ರೆ ಬರುವವರೆಗೆ ಅವರು ಕಿಟಕಿಗೆ ತಲೆ ಆನಿಸಿ ಕುಳಿತಿದ್ದರು. ದಣಿದಿದ್ದಾರೆ ಎಂದುಕೊಂಡೆ. ಒಂದು ಅಪಮಾನವನ್ನು ಅವರ ಕಿವಿಗೆ ಬೀಳದಂತೆ ದಾಟಿಸಿದೆ ಎಂದು ನನಗೆ ಸಮಾಧಾನವೇ ಆಗಿತ್ತು.

ಮೇ ತಿಂಗಳಲ್ಲಿ ಮಾಲಾ ತನ್ನ ಮಗಳಿಗೆ ನಾಯಿ ಕಚ್ಚಿತೆಂದು ಚುಚ್ಚುಮದ್ದು ಹಾಕಿಸಲು ಬಂದಳು. ನನ್ನನ್ನು ಗುರುತಿಸಿ ಗಾಡಿಯ ಹತ್ತಿರ ಬಂದಳು. ಆ ದಿನ ಸಿಸ್ಟರ್ ಗಾಡಿಯಲ್ಲೇ ಇದ್ದರೆಂದು ಆ ಸಂಬಂಧಿ ಆಮೇಲೆ ಅವಳಿಗೆ ಹೇಳಿದ್ದ. ಅವಳ ಮಾತಿನಿಂದ ನನಗೆ ತಿಳಿದದ್ದು ಇಷ್ಟು. ಶಂಕ್ರವ್ವ ಆಸ್ಪತ್ರೆಯ ಒಂಬತ್ತನೆಯ ದಿನ ಸೊಸೆಯ ಎದುರೇ ಸಿಸ್ಟರ್ ಕೈ ಹಿಡಿದು, ನನ್ನ ಬಾಯಿಗೆ ಕಡೆಯ ನೀರು ನೀನೇ ಹಾಕಬೇಕು, ಮಗ ಆಮೇಲೆ ಹಾಕಲಿ ಎಂದಿದ್ದರು. ನಾನು ಯಾರ ಮಗಳೆಂದು ನಿಮಗೆ ಗೊತ್ತೇ ಎಂದು ಸಿಸ್ಟರ್ ಕೇಳಿದ್ದರು. ಗೊತ್ತು, ಹನ್ನೊಂದು ದಿನದಿಂದ ನನ್ನ ಹೇಲು ಬಳಿದಾಕಿ ಯಾರ ಮಗಳಾದರೇನು ಎಂದಿದ್ದರು ಮುದುಕಿ. ದಿನದ ಲೆಕ್ಕ ಅವರಿಗೆ ತಪ್ಪಿತ್ತು. ಸಿಸ್ಟರ್ ಮಾತು ಕೊಟ್ಟಿದ್ದರು. ಮಾಲಾ ಅದಕ್ಕೆಂದೇ ಬೇರೆ ಬಟ್ಟಲು ತೊಳೆದು ಇಟ್ಟಿದ್ದಳು.

ನಾನು ನನ್ನ ಲೆಕ್ಕ ಹೇಳಿದೆ. ನಿಮ್ಮ ಮಂದಿ ಏನಾದರೂ ಅಂದಿದ್ದರೆ ಎಂದೆ.

"ಅಂತಿದ್ರೇನೋರಿ. ನಮ್ಮ ಮಾವನ ತಮ್ಮಾರು ಖರೇನ ಅಂತಿದ್ರು. ನಮ್ಮ ಯಜಮಾನ್ರು ಏನ್ ಮಾಡ್ತಿದ್ರೋ ನನಗೂ ಗೊತ್ತಿಲ್ಲ. ಆದ್ರ ನಾ ಒಂದ್ ಮಾತು ಅನ್ನಾಕಿದ್ದೆ, ಅಷ್ಟೂ ಮಂದಿ ಎದುರು. ಎಂಟು ದಿವಸ ಅದನ್ನಽ ಬಾಯಾಗ ಇಟಗೊಂಡಿದ್ದೆ. ಅನ್ನಾಕ ನೀವು ಬಿಡಲಿಲ್ಲ" ಎಂದಳು. ಅವಳ ಲೆಕ್ಕವೂ ತಪ್ಪಿತ್ತು, ಒಂಬತ್ತನೆಯ ದಿನದಿಂದ ಹನ್ನೊಂದನೆಯ ದಿನಕ್ಕೆ ಎರಡೇ ದಿನ. ಆದರೆ ತಪ್ಪು ಹುಡುಕುವ ಮುಖ ನನಗಿರಲಿಲ್ಲ.

ಯೋಚಿಸಿದಂತೆಲ್ಲ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಆ ಮನೆಯವರು ತಪ್ಪು ಮಾಡಬಹುದಿತ್ತು, ಮಾಡದೆಯೂ ಇರಬಹುದಿತ್ತು. ಅವರು ಮಾಡುವುದಕ್ಕೆ ಮೊದಲೇ ಅವರ ಪರವಾಗಿ ನಾನು ಮಾಡಿದೆ. ಮೆಟ್ಟಿಲಿಗೆ ನೀರು ಸುರಿದವಳು ಸಿಸ್ಟರ್ ಹೊರಗೆ ಬಂದ ಮೇಲಾದರೂ ಸುರಿದಳು. ನಾನು ಒಳಗೇ ಬಿಡಲಿಲ್ಲ. ಮೇಲಾಗಿ, ಅವರು ಕೊಟ್ಟ ವಿದ್ಯೆಯಿಂದಲೇ ಅವರ ಕೈಯ ಚೀಲ ಕಿತ್ತುಕೊಂಡೆ.

ಇದರ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಆ ಫೆಬ್ರವರಿಯ ನಂತರ ಆಮ್ರಪಾಲಿ ಸಿಸ್ಟರ್ ಮನೆ ಮುಟ್ಟಿಸಲು ನನ್ನ ಗಾಡಿ ಹತ್ತಲಿಲ್ಲ. ಯಾರಾದರೂ ಬಂದು ಕೇಳಿದರೆ, ಬಾಳೇಶಣ್ಣನಿಗೆ ಬರುತ್ತದೆ, ಅವರೇ ಒಯ್ಯುತ್ತಾರೆ ಎನ್ನುತ್ತಿದ್ದರು. ವ್ಯಂಗ್ಯವಿರಲಿಲ್ಲ, ಮುಖ ಗಂಟಿಕ್ಕಿರಲಿಲ್ಲ. ನಾನು ಗಾಡಿ ಓಡಿಸುತ್ತ ಒತ್ತಲು ಆಗುತ್ತದೆಯೇ? ರೋಗಿಯ ತಮ್ಮನಿಗೋ ಅಳಿಯನಿಗೋ ಐದು ನಿಮಿಷ ಕಲಿಸಿ ಕೂರಿಸುತ್ತಿದ್ದೆ. ಅವರು ಅಳುತ್ತ ಒತ್ತುತ್ತಿದ್ದರು, ಗಾಳಿ ಹೊಟ್ಟೆಗೆ ಹೋಗುತ್ತಿತ್ತು. ಎಷ್ಟೋ ಜನ ದಾರಿಯಲ್ಲೇ ಹೋದರು. ಹೋದರೆಂದು ಜೊತೆಗಿದ್ದವರ ಕೈ ಹಿಡಿದು ಹೇಳುವವರು ಗಾಡಿಯಲ್ಲಿ ಇರಲಿಲ್ಲ. ಗೊತ್ತಾದರೂ ನಾನು ಸುಮ್ಮನೆ ಓಡಿಸುತ್ತಿದ್ದೆ. ಎರಡು ವರ್ಷದಲ್ಲಿ ಆ ರೂಢಿಯೇ ನಮ್ಮ ಆಸ್ಪತ್ರೆಯಲ್ಲಿ ನಿಂತುಹೋಯಿತು. ಅವರ ಸೇವಾ ಪುಸ್ತಕದಲ್ಲಿ ಇದು ಯಾವುದೂ ಇಲ್ಲ. ಇದ್ದದ್ದೂ ಇಲ್ಲ, ನಿಂತದ್ದೂ ಇಲ್ಲ.

ಉಳಿದ ಕೆಲಸದಲ್ಲಿ ಅವರು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಮರು ವರ್ಷ ನನ್ನ ಹೆಂಡತಿಗೆ ಗರ್ಭಕೋಶದ ಶಸ್ತ್ರಕ್ರಿಯೆಯಾದಾಗ ಮೂರು ದಿನ ರಜೆ ಹಾಕಿ ಪಕ್ಕದಲ್ಲಿ ಕುಳಿತರು. ನನ್ನ ಮಗಳು ಮಾಯಾ ನರ್ಸಿಂಗ್ ಸೇರುವಾಗ ಅರ್ಜಿ ತುಂಬಿದವರು ಅವರೇ. ಈ ಕೆಲಸದಲ್ಲಿ ಬೈದವರು ನೆನಪಿರುತ್ತಾರೆ, ನಮ್ಮಿಂದ ತಪ್ಪಾದ ರೋಗಿ ಅದಕ್ಕಿಂತ ಹೆಚ್ಚು ನೆನಪಿರುತ್ತಾನೆ, ಎರಡಕ್ಕೂ ಎದೆ ಗಟ್ಟಿ ಮಾಡಿಕೋ ಎಂದು ಅವಳಿಗೆ ಹೇಳಿದ್ದರಂತೆ. ಎರಡು ಸಾವಿರದ ಹದಿನೇಳರಲ್ಲಿ ಮೂಡಲಗಿಗೆ ವರ್ಗವಾದರು. ಕೊರೋನಾದ ವರ್ಷ ಅಲ್ಲಿ ಹದಿನೆಂಟು ದಿನ ಮನೆಗೆ ಹೋಗದೆ ಇದ್ದರು. ಇದನ್ನೆಲ್ಲ ಬೇರೆಯವರು ಬರೆದಿದ್ದಾರೆ. ಅವರ ಪ್ರತಿಯೊಂದು ಉಪಕಾರವೂ ನನ್ನ ಮೇಲೆ ಭಾರವಾಗಿ ಕುಳಿತಿತು, ಏಕೆಂದರೆ ನಾನು ಆ ದಿನದ ಬಗ್ಗೆ ಬಾಯಿ ತೆರೆದಿರಲಿಲ್ಲ. ಹದಿಮೂರು ವರ್ಷ ತೆರೆಯಲಿಲ್ಲ.

ಸಮಿತಿಯವರು ಕೇಳಿ ಹೋದ ಮೇಲೆ ನಾನು ಮೂಡಲಗಿಗೆ ಹೋದೆ. ಹೊರರೋಗಿಗಳ ಸಾಲು ಕರಗಿದ ಮೇಲೆ ಅವರು ಊಟದ ಡಬ್ಬಿ ತೆಗೆದಿದ್ದರು. ನನಗೂ ಅರ್ಧ ರೊಟ್ಟಿ, ಪುಂಡಿ ಪಲ್ಯ ಕೊಟ್ಟರು. ತಿನ್ನುತ್ತ ಎಲ್ಲ ಹೇಳಿದೆ, ಕನ್ನಡಿಯಲ್ಲಿ ಕಂಡ ನೀರಿನಿಂದ ಹಿಡಿದು ಮಾಲಾಳಿಗೆ ಹೇಳಿದ ಸುಳ್ಳಿನವರೆಗೆ. ಅವರು ಕೇಳುತ್ತ ಊಟ ಮುಗಿಸಿದರು. ಮಾಲಾ ಚುಚ್ಚುಮದ್ದಿಗೆ ಬಂದ ದಿನವೇ ತಮಗೂ ಎಲ್ಲ ಹೇಳಿದ್ದಳು ಎಂದರು.

ಮತ್ತೆ ಯಾಕೆ ಒಂದು ದಿನವೂ ಬೈಯಲಿಲ್ಲ ಎಂದು ಕೇಳಿದೆ.

"ಬೈದಿದ್ರ ನೀವು ತಪ್ಪಾತು ಅಂತಿದ್ರಿ. ನಾ ಇರಲಿ ಬಿಡ್ರಿ ಅಂತಿದ್ದೆ. ಅಲ್ಲಿಗೆ ಮುಗೀತಿತ್ತು" ಎಂದರು. ಡಬ್ಬಿ ಮುಚ್ಚಿದರು. "ಆ ಮುದುಕಿಗಿ ನಾ ಕೊಟ್ಟ ಮಾತು ಅದು. ಹಂಗ ಮುಗಿಯೂದಲ್ಲ."

ಇದನ್ನು ಗ್ರಂಥಕ್ಕೆ ಬರೆಯಲೇ ಎಂದು ಕೇಳಿದೆ. ಅವರು ಕೈ ತೊಳೆದು ಬಂದು ಹೇಳಿದರು. "ಬರೀರಿ. ಆದ್ರ ನನ್ನ ದೊಡ್ಡಾಕಿನ್ನ ಮಾಡಬ್ಯಾಡ್ರಿ. ನೀವು ಚೀಲ ಕೇಳಿದ್ರಿ, ಕೊಟ್ಟಾಕಿ ನಾನು. ಬಾಗಲಾ ಕೀಲಿ ಹಾಕಿರಲಿಲ್ಲ. ಇಳದು ಹೋಗಬೇಕಿತ್ತು. ಆ ಮಂದೀನ್ನ ನೋಡಿ ನನಗೂ ಕಾಲು ಬರಲಿಲ್ಲ. ಅದನ್ನೂ ಬರೀರಿ."

ಅದನ್ನೂ ಬರೆದಿದ್ದೇನೆ, ಅವರ ಮಾತಿಗಾಗಿ. ಆದರೆ ನಾನು ಅದನ್ನು ಒಪ್ಪುವುದಿಲ್ಲ. ಇಳಿಯಲು ಕಾಲು ಬರದಂತೆ ಮಾಡಿದ್ದು ಆ ಅರವತ್ತು ಜನರಲ್ಲ, ಹನ್ನೆರಡು ವರ್ಷ ಅವರ ಜೊತೆ ಓಡಾಡಿದ ಒಬ್ಬನ ಮಾತು. ಹೊರಗಿನವರು ಬೈದಾಗ ಅವರು ತಲೆ ಎತ್ತದೆ ಕೆಲಸ ಮಾಡಬಲ್ಲವರು. ಚಪ್ಪಲಿ ಎತ್ತಿದವನನ್ನೇ ಕೆಲಸಕ್ಕೆ ಹಚ್ಚಿದವರು. ತಮ್ಮವನೆಂದು ತಿಳಿದವನೇ ಒಳಗೆ ಬರಬೇಡಿ ಎಂದರೆ ಅದಕ್ಕೆ ಯಾವ ಉತ್ತರವನ್ನೂ ಯಾವ ನರ್ಸಿಂಗ್ ಶಾಲೆಯೂ ಕಲಿಸಿರುವುದಿಲ್ಲ. ಅಭಿನಂದನ ಗ್ರಂಥದಲ್ಲಿ ಕ್ಷಮೆ ಕೇಳುವ ಪದ್ಧತಿ ಇದೆಯೋ ಇಲ್ಲವೋ ಅರಿಯೆ. ಕೇಳಿದರೆ ಅವರು ಇರಲಿ ಬಿಡಿ ಎಂದಾರು, ಆದ್ದರಿಂದ ಕೇಳುವುದಿಲ್ಲ. ನಡೆದದ್ದನ್ನು ನಡೆದಂತೆ ಅಚ್ಚಿಗೆ ಕೊಟ್ಟಿದ್ದೇನೆ. ಅವರ ಸೇವಾ ಪುಸ್ತಕದಲ್ಲಿ ಇಲ್ಲದ ಒಂದು ಪುಟ ಇಲ್ಲಾದರೂ ಇರಲಿ.

ನಿವೃತ್ತಿಯ ನಂತರ ಆಮ್ರಪಾಲಿ ಸಿಸ್ಟರ್ ಸುಮ್ಮನೆ ಕೂರುವವರಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ತಾವೇ ಹೋಗಿ, ಮಗ್ಗಲು ಹೇಗೆ ಬದಲಿಸಬೇಕು, ಬೆನ್ನು ಹುಣ್ಣಾಗದಂತೆ ಹೇಗೆ ನೋಡಿಕೊಳ್ಳಬೇಕು, ಕಡೆಯ ದಿನಗಳಲ್ಲಿ ಬಾಯಿ ಹೇಗೆ ಒದ್ದೆ ಮಾಡುತ್ತಿರಬೇಕು ಎಂಬುದನ್ನು ಮನೆಯವರಿಗೆ ಕಲಿಸುವ ಆಲೋಚನೆಯಲ್ಲಿದ್ದಾರೆ. ಹುಕ್ಕೇರಿ ಕಡೆಯ ಮೂರು ಹಳ್ಳಿಗಳಿಂದ ಕರೆಯೂ ಬಂದಿದೆ. ಅವರಿಗೆ ನೂರು ವರ್ಷ ಆಯುಸ್ಸಿರಲಿ, ಕೈಕಾಲು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ಈವರೆಗೆ ಡಬ್ಬಿಯಲ್ಲಿ ತಣ್ಣಗಾದ ಮೇಲೆ ತಿಂದ ಊಟವನ್ನು ಇನ್ನು ಮುಂದೆ ಬಿಸಿಯಾಗಿ ಉಣ್ಣುವಂತಾಗಲಿ. ಅವರು ಹೋಗುವ ಮನೆಗಳು ಒಳ್ಳೆಯವೂ ಇರಬಹುದು, ಕೆಟ್ಟವೂ ಇರಬಹುದು, ಅದನ್ನು ಅವರೇ ನೋಡಿ ತಿಳಿಯಲಿ. ಯಾವ ಮನೆಯ ಬಾಗಿಲಲ್ಲಿಯೂ ಅವರಿಗಿಂತ ಮೊದಲು ಯಾರೂ, ಅವರ ಒಳ್ಳೆಯದಕ್ಕೆಂದೇ ಆದರೂ ಸರಿ, ಅವರ ಪರವಾಗಿ ತೀರ್ಮಾನ ಮಾಡದಿರಲಿ.